ನೊರೆಯಕ್ಕ ಮತ್ತು ಕೊಳದ ನೀರು

ಗಣಿಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ನೊರೆಯಕ್ಕ ಎಂದೇ. ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ. ಅದಿರಿನ ಪುಡಿಯನ್ನು ಪುಟ್ಟ ತೊಟ್ಟಿಯ ನೀರಿಗೆ ಹಾಕಿ, ಮದ್ದು ಬೆರೆಸಿ, ಗಾಳಿ ಊದಿ, ಗುಳ್ಳೆಗಂಟಿ ಮೇಲೆ ಬಂದ ತಾಮ್ರವನ್ನು ನೊರೆಯ ಸಮೇತ ಕೆರೆದು ತೆಗೆಯುವುದು. ಅಲ್ಲಿ ಎಷ್ಟು ಬಂತೆಂದು ನೋಡಿ ಕಾರ್ಖಾನೆಯಲ್ಲಿ ಎಷ್ಟು ಬಂದೀತೆಂದು ಹೇಳಬೇಕು. ಅವಳು ಹೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಗುಟ್ಟೇನೂ ಇಲ್ಲ ಬಿಡಿ. ಉಳಿದವರು ನಲ್ಲಿ ನೀರಿನಲ್ಲಿ ಪರೀಕ್ಷೆ ಮುಗಿಸಿ ಕೈತೊಳೆದುಕೊಂಡರೆ, ಇವಳು ಕಾರ್ಖಾನೆ ಬಳಸುವ ಕೊಳದ ನೀರನ್ನು ಹೊತ್ತು ತಂದು ಇನ್ನೊಮ್ಮೆ ಮಾಡುತ್ತಿದ್ದಳು.

"ನಿನಗೆ ಬೇರೆ ಕೆಲಸ ಇಲ್ವೇನಕ್ಕಾ?" ಎಂದು ನಗುತ್ತಿದ್ದವನು ತಮ್ಮ. ಅಪ್ಪ ಅಮ್ಮ ಹೋದಮೇಲೆ ಇವಳೇ ಸಾಕಿ ಓದಿಸಿದವನು, ಈಗ ಇವಳ ಮೇಲಧಿಕಾರಿ.

"ನಲ್ಲಿ ನೀರಲ್ಲಿ ಎಲ್ಲಾ ಚೆನ್ನಾಗೇ ಕಾಣತ್ತೆ ಕಣೋ. ಕಾರ್ಖಾನೆಗೆ ಹೋಗೋದು ಕೊಳದ ನೀರು ತಾನೇ?"

ಹೊಸ ಗಣಿಯ ಅದಿರು ಬಂದಾಗ ಅಕ್ಕ ನೊರೆ ಕೆರೆದಳು, ತಮ್ಮ ಪಕ್ಕದಲ್ಲಿ ಕೂತು ಬರೆದುಕೊಂಡ. ನಲ್ಲಿ ನೀರಿನಲ್ಲಿ ಅದಿರಿನಲ್ಲಿದ್ದ ತಾಮ್ರದಲ್ಲಿ ನೂರಕ್ಕೆ ತೊಂಬತ್ತೊಂದು ಪಾಲು ಬಂತು. ಕೊಳದ ನೀರಿನಲ್ಲಿ ಎಪ್ಪತ್ತೆಂಟೇ.

"ಎರಡನ್ನೂ ವರದಿಗೆ ಹಾಕಪ್ಪಾ."

"ನಾನು ನೋಡ್ಕೋತೀನಿ ಬಿಡಕ್ಕ."

ನೋಡಿಕೊಂಡ, ಪುಣ್ಯಾತ್ಮ! ಮೇಲಕ್ಕೆ ಹೋದದ್ದು ತೊಂಬತ್ತೊಂದು ಮಾತ್ರ. ಅದನ್ನು ನಂಬಿ ಅದೇ ಕೊಳದ ಪಕ್ಕ ಹೊಸ ಕಾರ್ಖಾನೆ ಎದ್ದಿತು, ತಮ್ಮ ಅದರ ಮುಖ್ಯಸ್ಥನಾದ. ವರ್ಷ ಕಳೆದರೂ ತಾಮ್ರ ಎಪ್ಪತ್ತೆಂಟರ ಮೇಲೆ ಏರಲಿಲ್ಲ. ವಿಚಾರಣೆಗೆ ಕಂಪನಿಯ ದೊಡ್ಡವರು ಬಂದು ಕೂತರು, ಅಕ್ಕನನ್ನೂ ಕರೆಸಿದರು.

"ಇವರು ಕೊಳದ ನೀರಲ್ಲಿ ಪರೀಕ್ಷೆ ಮಾಡೇ ಇಲ್ಲ ಸಾರ್. ವಯಸ್ಸಾಯ್ತು, ಮರೆತಿರ್ತಾರೆ," ಎಂದ ತಮ್ಮ.

ನೊರೆಯಕ್ಕ ಈಗ ಅಕ್ಕ ಅಲ್ಲ, ಇವರಂತೆ! ಕೆಲಸ ಹೋದರೆ ಹಾಳಾಗಿ ಹೋಗಲಿ, ಇಪ್ಪತ್ತಾರು ವರ್ಷ ಉಳಿಸಿಕೊಂಡ ಮಾತು ಹೋಗುತ್ತದಲ್ಲ! ತಾನು ಎತ್ತಿ ಆಡಿಸಿದವನೇ ತನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದಾನಲ್ಲ! ಚೀಲದಿಂದ ಪರೀಕ್ಷೆಯ ಪುಸ್ತಕ ತೆಗೆದು, ಆ ದಿನದ ಪುಟ ಬಿಡಿಸಿ ಅವನ ಮುಂದೆ ಇಟ್ಟಳು.

"ಓದಪ್ಪಾ."

ಅವನು ಪುಸ್ತಕ ಮುಚ್ಚಹೋದ. ಅವಳು ದೊಡ್ಡವರ ಕಡೆ ತಿರುಗಿದಳು.

"ಅವತ್ತು ನನ್ನ ಕೈಯೆಲ್ಲಾ ನೊರೆ ಸಾರ್. ಬರೆದಿದ್ದು ಇವನೇ. ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು, ಗುರುತು ಸಿಗಲ್ವಾ? ಓದೋ!"

"ಕೊಳದ ನೀರು... ಎಪ್ಪತ್ತೆಂಟು," ಎಂದು ಓದಿದ.

ಅವಳ ಮಾತು ಉಳಿಯಿತು. ಬಾಗಿಲ ಬಳಿ ಹೋಗುತ್ತಿದ್ದಂತೆ ಹಿಂದಿನಿಂದ "ಅಕ್ಕಾ..." ಎಂಬ ತಮ್ಮನ ದನಿ ಕೇಳಿತು. ನಿಂತಳು, ತಿರುಗಿ ನೋಡಲಿಲ್ಲ.

"ಹೇಳಿ ಸಾರ್," ಎಂದಳು.