ಉಲ್ಟಾ ಓಟದಲ್ಲಿ ಉಳಿದ ನಕಲು

ಪಾಲಯ್ಯನವರೇ, ಅವತ್ತು ನೀವು ತಡ ಮಾಡಲಿಲ್ಲ. ಮಿಲ್ಲಿನಲ್ಲಿ ಕೂಲಿಗಿದ್ದ ನಿಮ್ಮೂರಿನ ಓಬಕ್ಕನ ಸೆರಗು ಯಂತ್ರಕ್ಕೆ ಸಿಕ್ಕ ಕ್ಷಣದಲ್ಲೇ ನಿಲ್ಲಿಸುವ ಬಟನ್ ಒತ್ತಿದಿರಿ. ನಾನು ಎರಡು ಮಾರು ದೂರದಲ್ಲಿ ನಿಂತು ನೋಡಿದ್ದೇನೆ. ಯಂತ್ರ ನಿಲ್ಲದೇ ಹೋದದ್ದು ನನ್ನ ತಪ್ಪಿನಿಂದ — ಅದು ನನಗೆ ಅವತ್ತೇ ಗೊತ್ತಾಗಿತ್ತು. ಹೇಳಲಿಲ್ಲ.

ಚಳ್ಳಕೆರೆಯ ಆ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಸುಲಿಯುವ ಯಂತ್ರಕ್ಕೆ ಚಿಪ್ ಕೂರಿಸಿ ಪ್ರೋಗ್ರಾಂ ಬರೆದವನು ನಾನು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಆ ಯಂತ್ರ ನಡೆಸುತ್ತಿದ್ದ ನೀವು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆದರೂ ಇಂಜಿನಿಯರಿಂಗ್ ಓದಿದವನೆಂದು ನನ್ನನ್ನು ಸಾರ್ ಎನ್ನುತ್ತಿದ್ದಿರಿ. ಮಿಲ್ಲಿನ ಅದುರಾಟಕ್ಕೆ ಬಟನ್ ಒತ್ತಿದಂತಾಗಿ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಅದಕ್ಕೆ, ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ನಿಲ್ಲುವಂತೆ ಬರೆದಿದ್ದೆ. ನೀವು ಒಪ್ಪಲಿಲ್ಲ.

“ಮೂರು ಎಣಿಸಾಗಂಟ ಒಳಗಿರೋ ಕೈ ಉಳಿತೈತಾ ಸಾರ್?”

ಸರಿಯಾದ ಮಾತು. ಒಮ್ಮೆ ಒತ್ತಿದರೆ ನಿಲ್ಲುವಂತೆ ಬದಲಿಸಿದೆ. ಬದಲಿಸಿದೆ ಎಂದುಕೊಂಡೆ.

ಬಟನ್ ಒತ್ತಿದ್ದಾರೆಯೇ ಎಂದು ನೋಡುವುದು ಪ್ರೋಗ್ರಾಮಿನ ನಾಲ್ಕು ಸಾಲಿನ ಒಂದು ತುಣುಕು, ಫಂಕ್ಷನ್ ಎನ್ನುತ್ತಾರೆ. ಅದನ್ನು ನಾನು ಇನ್‌ಲೈನ್ ಮಾಡಿದ್ದೆ. ಸಾಮಾನ್ಯವಾಗಿ ಫಂಕ್ಷನ್ ಒಂದೇ ಕಡೆ ಇರುತ್ತದೆ. ಪ್ರೋಗ್ರಾಂ ಬೇಕಾದಾಗ ಅಲ್ಲಿಗೆ ಹೋಗಿ ಬರುತ್ತದೆ. ಇನ್‌ಲೈನ್ ಆದರೆ ಬಳಸುವ ಪ್ರತಿ ಜಾಗದೊಳಗೂ ಅದರ ಒಂದೊಂದು ನಕಲು ಸೇರಿಕೊಳ್ಳುತ್ತದೆ. ಹೋಗಿಬರುವ ಸಮಯ ಉಳಿಯುತ್ತದೆ — ಕಣ್ಣರೆಪ್ಪೆ ಬಡಿಯುವ ಹೊತ್ತಿನ ಸಾವಿರದಲ್ಲೊಂದು ಪಾಲೂ ಇಲ್ಲ. ಮನುಷ್ಯ ಬೆರಳಲ್ಲಿ ಒತ್ತುವ ಬಟನ್ನಿಗೆ ಅದು ಬೇಕೇ ಇರಲಿಲ್ಲ. ಹೊಸದಾಗಿ ಕಲಿತಿದ್ದೆ, ಮಾಡಿದೆ. ಆ ಬಟನ್ ಪ್ರೋಗ್ರಾಮನ್ನು ಕೇಳದೆ ನೇರವಾಗಿ ಕರೆಂಟನ್ನೇ ಕಡಿಯಬೇಕಿತ್ತು — ಅದನ್ನೂ ಓದಿದ್ದೆ, ಮಾಡಿರಲಿಲ್ಲ.

ಇನ್‌ಲೈನ್ ಫಂಕ್ಷನ್ನಿನ ಮೂಲ ಬದಲಾದರೆ ಅದನ್ನು ಬಳಸುವ ಎಲ್ಲ ಫೈಲುಗಳನ್ನೂ ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಚಿಪ್‌ಗೆ ತಿಳಿಯುವ ಭಾಷೆಗೆ ಹೊಸದಾಗಿ ಇಳಿಸಬೇಕು. ನಾನು ಯಂತ್ರ ಮುಂದಕ್ಕೆ ಓಡುವ ಫೈಲನ್ನಷ್ಟೇ ಮಾಡಿದೆ. ಸಿಕ್ಕಿಕೊಂಡ ಸಿಪ್ಪೆ ಬಿಡಿಸಲು ಹಿಂದಕ್ಕೆ ತಿರುಗಿಸುವ ಉಲ್ಟಾ ಓಟದ ಫೈಲು ಹಾಗೇ ಉಳಿಯಿತು. ಮೂರು ಸೆಕೆಂಡಿನ ಹಳೆಯ ನಕಲು ಅದರೊಳಗೇ ಕೂತಿತ್ತು. ಪರೀಕ್ಷೆ ಮಾಡಿದ್ದೂ ಯಂತ್ರವನ್ನು ಮುಂದಕ್ಕೆ ಓಡಿಸಿಯೇ. ಒಮ್ಮೆ ಒತ್ತಿ ಬಿಟ್ಟರೆ ಸಾಕು ಎಂದು ನಿಮಗೆ ಹೇಳಿಕೊಟ್ಟವನೂ ನಾನೇ.

ನೀವು ಹೇಳಿಕೊಟ್ಟಂತೆಯೇ ಮಾಡಿದಿರಿ. ಉಲ್ಟಾ ಓಟದಲ್ಲಿ ಓಬಕ್ಕ ಸಿಪ್ಪೆ ಕೆರೆಯುತ್ತಿದ್ದಳು. ಸೆರಗು ಒಳಗೆ ಹೋಯಿತು, ಅದನ್ನು ಎಳೆಯಲು ಕೈ ಹಿಂದೆಯೇ ಹೋಯಿತು. ನೀವು ಒತ್ತಿ ಬಿಟ್ಟಿರಿ. ನಿಲ್ಲಲಿಲ್ಲ. ಮತ್ತೆ ಒತ್ತಿ ಬಿಟ್ಟಿರಿ, ಮತ್ತೆ — ಬಿಟ್ಟ ಪ್ರತಿ ಸಲವೂ ಒಳಗೆ ಎಣಿಕೆ ಮೊದಲಿಂದ ಶುರುವಾಗುತ್ತಿತ್ತು. ಗಾಬರಿಗೆ ನಿಮ್ಮ ಮನೆಮಾತು ತೆಲುಗೇ ಬಾಯಿಗೆ ಬಂತು: “ಆಗಲೇದು ಸಾರ್, ಆಗಲೇದು.” ನಿಲ್ಲಲಿಲ್ಲ ಎಂದು ನನಗೇ ಹೇಳುತ್ತಿದ್ದಿರಿ. ನಾನು ನಿಂತಲ್ಲಿಂದ ಕದಲಲಿಲ್ಲ. ಕೊನೆಗೆ ನೀವೇ ಗೋಡೆಯ ಬಳಿಗೆ ಓಡಿ ಮೇನ್ ಸ್ವಿಚ್ ಎಳೆದಿರಿ. ಅಷ್ಟರಲ್ಲಿ ಅವಳ ಎರಡು ಬೆರಳು ಹೋಗಿದ್ದವು. ಈಗಲೂ ಲಿಫ್ಟಿನ ಬಟನ್ ಒತ್ತಿದರೆ ಬೆರಳು ತೆಗೆಯಲು ನನಗೆ ಆಗುವುದಿಲ್ಲ.

ಅವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಉಲ್ಟಾ ಓಟದ ಫೈಲಿನ ತಾರೀಕು ಹಳೆಯದು. ತಪ್ಪು ಎಲ್ಲಿದೆ ಎಂದು ತಿಳಿಯಲು ಹತ್ತು ನಿಮಿಷ ಸಾಕಾಯಿತು. ಹೊರಗೆ ಮಾಲೀಕರು ನಿಮ್ಮನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡಿದ್ದರು.

“ಏನಲೇ ಪಾಲಯ್ಯ, ಬಟನ್ ಒತ್ತಾಕೆ ಮುಹೂರ್ತ ನೋಡ್ತಿದ್ದೇನಲೇ?”

ನೀವು ಒತ್ತಿದೆ ಎಂದಿರಿ. ಮಾಲೀಕರು ನನ್ನ ಕಡೆ ತಿರುಗಿದರು. ನೀವೂ ತಿರುಗಿದಿರಿ.

“ಮಷಿನ್ ಸರಿ ಐತೆ” ಎಂದೆ.

ಯಂತ್ರವನ್ನು ಮುಂದಕ್ಕೆ ಓಡಿಸಿ, ಬಟನ್ ಒತ್ತಿ ತೋರಿಸಿಯೂ ಬಿಟ್ಟೆ. ಥಟ್ಟನೆ ನಿಂತಿತು. ನೀವು ಟವೆಲ್ ಕೊಡವಿಕೊಂಡು ಗೇಟಿನ ಕಡೆ ನಡೆದಿರಿ. ಮರುದಿನ ಎಲ್ಲ ಫೈಲುಗಳನ್ನೂ ಹೊಸದಾಗಿ ಕಂಪೈಲ್ ಮಾಡಿ ಚಿಪ್‌ಗೆ ತುಂಬಿದೆ. ಯಾರೂ ಕೇಳಲಿಲ್ಲ.

ಇಷ್ಟು ವರ್ಷಗಳ ಮೇಲೆ, ಹೋದ ವಾರ ಮೊಳಕಾಲ್ಮುರು ಕಡೆಯ ನಿಮ್ಮೂರಿಗೆ ಬಂದಿದ್ದೆ. ನಿಮ್ಮ ಬಾಗಿಲವರೆಗೆ ಬರಲು ಧೈರ್ಯ ಸಾಲದೆ ಓಬಕ್ಕನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ.

“ಅಂಗಾದ್ರೆ ಅವಣ್ಣ ಒತ್ತಿದ್ನಾ?” ಎಂದಳು. ನಿಮ್ಮ ಮಗಳ ಮದುವೆಗೆ ಕರೆದರೂ ತಾನು ಬರಲಿಲ್ಲ ಎಂದಳು. ಆಮೇಲೆ, “ಈ ಕೈ ತೋರಿಸಿ ತೋರಿಸಿ ಊರೆಲ್ಲ ಅವನ್ನ ಬೈದೀನಿ. ಅದನ್ನ ಯಾರಪ್ಪ ವಾಪಸ್ ತಗಂತಾರೆ?”

ಆ ಬೈಗುಳವನ್ನು ನಾನು ವಾಪಸ್ ತೆಗೆದುಕೊಳ್ಳಲಾರೆ. ಆದರೆ ಬರುವ ಸೋಮವಾರ ಬೆಳಿಗ್ಗೆ ನಿಮ್ಮೂರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಜನ ಸೇರುವ ಹೊತ್ತಿಗೆ, ಇಲ್ಲಿ ಬರೆದದ್ದನ್ನು ಗಟ್ಟಿಯಾಗಿ ಹೇಳುತ್ತೇನೆ. ಓಬಕ್ಕ ಬರುತ್ತೇನೆಂದಿದ್ದಾಳೆ. ನೀವು ಬರಬೇಕೆಂದಿಲ್ಲ, ಕ್ಷಮಿಸಬೇಕೆಂದೂ ಇಲ್ಲ. ಊರಿನವರು ಏನು ಕೇಳಿದರೂ, ಕೇಳಿ ಮುಗಿಯುವವರೆಗೆ ಕೂತಿರುತ್ತೇನೆ.