ಒಂದೇ ಗಿಡದ ಅಡವಿ

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವಿನ ಗುಡ್ಡದ ಮೇಲೆ ಗಂಗುಬಾಯಿ ಗುಡಿಸಲು ಹಾಕಿದ್ದು ತೊಂಬತ್ತೊಂದರಲ್ಲಿ. ಆಗ ಅಲ್ಲೆಲ್ಲ ಮುತ್ತಲ ಗಿಡಗಳ ಅಡವಿ. ಅವಳ ಹಿಂದೆಯೇ ಮೂವತ್ತು ಮನೆಯವರು ಬಂದರು. ತೊಲೆಗೆಂದು ಕಡಿದರು, ಒಲೆಗೆಂದು ಕಡಿದರು, ತೊಗರಿ ಬಿತ್ತಲು ಬೇರುಸಹಿತ ಕಿತ್ತರು. ಗಂಗುಬಾಯಿಯೂ ಕಡಿದಳು; ಸುಳ್ಳು ಹೇಳಬಾರದು. ಅಂಗಳದ ಒಂದು ಗಿಡವನ್ನು ಮಾತ್ರ ಬಿಟ್ಟಳು. ಅದರ ಎಲೆಯಿಂದ ಪತ್ರಾವಳಿ ಹಚ್ಚಿ ಮಾಣಿಕನಗರದ ಅಂಗಡಿಗೆ ಕೊಡುತ್ತಿದ್ದಳು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಮನೆಗಳಿಗೆ ಹಕ್ಕುಪತ್ರ ಕೊಡಲೆಂದು ಜಾಗ ಅಳೆಯುವ ಮೋಜಣಿದಾರ ಬಂದ. ಬೋಳು ಜಾಗವನ್ನೆಲ್ಲ ಊರು ಎಂದು ಬರೆದ. ಗಂಗುಬಾಯಿಯ ಅಂಗಳದಲ್ಲಿ ತಲೆಯೆತ್ತಿ ನೋಡಿದ.

"ಇದು ಅಡವಿ. ನಿಮಗ ಹಕ್ಕುಪತ್ರ ಬರಂಗಿಲ್ಲ."

"ಒಂದ ಗಿಡ ಅದರೀ ಸಾಹೇಬ್ರ!"

"ಎಷ್ಟ ಅಂತ ನಾ ಕೇಳಿಲ್ಲ. ಗಿಡ ಅದನೋ ಇಲ್ಲೋ? ಶ್ರಾವಣದಾಗ ಬಂದು ಪಕ್ಕಾ ಮಾಡ್ತೀನಿ."

ಮರುದಿನ ಅಡವಿ ಕಾಯುವ ಗೌಸ 'ಕಾಯ್ದಿಟ್ಟ ಅರಣ್ಯ' ಎಂಬ ಕಟ್ಟಿಗೆಯ ಬೋರ್ಡು ಹೊತ್ತು ಬಂದ. ಗುಡ್ಡದಲ್ಲಿ ಬೇರೆ ಅಡವಿ ಸಿಗದೆ ಅವಳ ಒಳಕಲ್ಲಿನ ಪಕ್ಕ ನೆಟ್ಟ. ದಿನಾ ಗಿಡಕ್ಕೊಂದು ಸುತ್ತು ಹಾಕಿ, ಡ್ಯೂಟಿ ಮುಗಿಯಿತೆಂದು ನೆರಳಲ್ಲಿ ಕೂಡುತ್ತಿದ್ದ.

"ಗೌಸಣ್ಣ, ಕಡದ ಬಿಡ್ಲೇನು? ನಂದೂ ಊರ ಆಗ್ತದ."

"ಕಡದ್ರ ಕೇಸ್ ಆಗ್ತದಕ್ಕಾ. ಅಡವಿ ನಾಶ."

"ಬಾಜೂ ಮನಿ ವೈಜನಾಥ ನೂರ ಕಡದಾನಲ್ಲ?"

"ನಾಶ ಮಾಡಾಕ ಅವನ ಕಡೆ ಈಗ ಅಡವಿ ಎಲ್ಲದ?"

ಬೇಲಿಯಾಚೆಯಿಂದ ವೈಜನಾಥ ಕೂಗಿದ: "ಗಂಗಕ್ಕಾ, ಹುಲಿ ಬಂದಾವೇನ ಅಂಗಳಕ್ಕ?"

ಗಂಗುಬಾಯಿ ಗಿಡದಡಿ ಉದುರಿದ ಬೀಜ ಆರಿಸಿದಳು. ಮೊದಲ ಮಳೆ ಬಿದ್ದ ಮರುದಿನ ಮೂವತ್ತು ಮನೆಗಳ ಗೋಡೆಯ ಬುಡದಲ್ಲಿ, ಮನೆಗೆರಡರಂತೆ, ಗೇಣು ಅಂತರದಲ್ಲಿ ಊರಿದಳು. ಹೆಸರು ಬರೆಯಲು ಬಾರದಿದ್ದರೂ ಒಂದು ಮನೆಯೂ ತಪ್ಪಲಿಲ್ಲ.

ಶ್ರಾವಣದಲ್ಲಿ ಮೋಜಣಿದಾರ ಬಂದಾಗ ಅವನನ್ನು ವೈಜನಾಥನ ಗೋಡೆಗೆ ಕರೆದೊಯ್ದಳು.

"ಇದೇನ್ರಿ ಸಾಹೇಬ್ರ?"

"ಮುತ್ತಲ ಸಸಿ. ಅಂಗೈಯಷ್ಟೂ ಇಲ್ಲ!"

"ಎಷ್ಟ ಅಂತ ನೀವ ಕೇಳಿಲ್ಲಲ್ರಿ."

ಅವನು ಮನೆಯಿಂದ ಮನೆಗೆ ಬಗ್ಗಿ ನೋಡಿದ. ಅವನದೇ ಲೆಕ್ಕದಲ್ಲಿ, ಊರೆಂದು ಬರೆದದ್ದೆಲ್ಲ ಅಡವಿಯಾಗಿತ್ತು. ಮೂವತ್ತು ಹೆಸರು ಹೊಡೆದುಹಾಕುವುದಕ್ಕಿಂತ ಒಂದು ಹೆಸರು ಸೇರಿಸುವುದು ಹಗುರವೆಂದು ಕಂಡಿತು. ಗಂಗುಬಾಯಿಯ ಗಿಡದ ನೆರಳಲ್ಲೇ ಕುಳಿತು ಅವಳ ಹೆಸರು ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು.

ಸಂಜೆಯೊಳಗೆ ಊರವರು ಅರವತ್ತೂ ಸಸಿ ಕಿತ್ತೆಸೆದರು. ಅವಳ ಗಿಡವೂ ಈಗ ಊರಿನ ಲೆಕ್ಕಕ್ಕೆ ಹೋಗಿತ್ತು. ಗೌಸ ತಲೆಯ ಮೇಲೆ ಕೈಹೊತ್ತು ಕುಳಿತ.

"ಅಡವಿ ಮುಗೀತಕ್ಕಾ. ಇನ್ನ ನಾ ಏನ ಕಾಯ್ಲಿ?"

ಗಂಗುಬಾಯಿ ಅವನ ಕೈಗೆ ಚಹಾ ಕೊಟ್ಟಳು.

"ಆ ಬೋರ್ಡ್ ಕಾಯಿ. ಕಟ್ಟಿಗೀದದ. ನೀ ಎದ್ದ ಹೋದ್ರ ವೈಜನಾಥ ಒಲೀಗ ಹಚ್ತಾನ."