ಕಾರಣ ಹೇಳಿ, ಟೈಪ್ ಮಾಡುತ್ತೇನೆ

ಕೊಲ್ಲಿಯ ಈ ದೇಶದಲ್ಲಿ, ಸೀಫ್ ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಕಚೇರಿ ಒಂದು ಅಮೆರಿಕನ್ ಕಂಪನಿಯದು. ಯಂತ್ರಗಳ ಬಿಡಿಭಾಗ ತರಿಸಿ ಮಾರುವ ವ್ಯವಹಾರ. ಹದಿನಾರು ವರ್ಷಗಳಿಂದ ಅಲ್ಲಿನ ಪತ್ರ, ಫೈಲು, ವೀಸಾದ ಕಾಗದಗಳೆಲ್ಲ ನನ್ನ ಮೇಜಿನ ಮೇಲಿಂದಲೇ ಹೋಗುತ್ತವೆ. ನಾನು ಹೇಳಹೊರಟಿರುವ ಮ್ಯಾನೇಜರ್ ಅಮೆರಿಕದಿಂದ ಬಂದವರಲ್ಲಿ ಮೂರನೆಯವರು. ಐವತ್ತು ದಾಟಿದ, ಎತ್ತರದ, ನಗುಮುಖದ ಮನುಷ್ಯ. ಬಂದ ದಿನವೇ, ತಮ್ಮನ್ನು ಹೆಸರು ಹಿಡಿದು ಕರೆಯಬೇಕು ಎಂದರು. ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ. ಕೊನೆಯವರೆಗೂ ‘ಸರ್’ ಎಂದೇ ಕರೆದೆ.

“ನಾವೆಲ್ಲ ಒಂದು ಕುಟುಂಬ. ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿಬಿಡಿ” ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದರು. ಅದು ತೋರಿಕೆಯ ಮಾತಾಗಿರಲಿಲ್ಲ. ಅವರು ಅದನ್ನು ನಿಜವಾಗಿಯೂ ನಂಬಿದ್ದರು. ನನಗೆ ಭಯವಾಗುತ್ತಿದ್ದದ್ದು ಅದಕ್ಕೇ.

ಆ ವರ್ಷ ಅವರ ದೇಶದಲ್ಲಿ ಚುನಾವಣೆ. ಅಕೌಂಟ್ಸ್ ವಿಭಾಗದ ಮುಖ್ಯಸ್ಥೆಯೂ ಅಮೆರಿಕದವರೇ. ಮೊದಲು ಅವರೂ ಮ್ಯಾನೇಜರೂ ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದರು. ಆಮೇಲೆ ಒಬ್ಬರು ಪ್ಯಾಂಟ್ರಿಗೆ ಬಂದರೆ ಇನ್ನೊಬ್ಬರು ಎದ್ದು ಹೋಗುವಂತಾಯಿತು. ಒಂದು ಬೆಳಿಗ್ಗೆ ಕಾಫಿ ಮಾಡಿಕೊಳ್ಳುತ್ತಾ ಮ್ಯಾನೇಜರೇ ಹೇಳಿದರು: “ನನ್ನ ಸ್ವಂತ ತಮ್ಮ ಮೂರು ವರ್ಷದಿಂದ ನನ್ನ ಹತ್ತಿರ ಮಾತಾಡಿಲ್ಲ. ವೋಟಿನ ವಿಷಯಕ್ಕೆ.”

“ನಮ್ಮ ಕಡೆ ಅಣ್ಣತಮ್ಮಂದಿರು ಮಾತು ಬಿಡುವುದು ಜಾಗದ ವಿಷಯಕ್ಕೆ ಸರ್,” ಎಂದೆ, ನಗಿಸಲೆಂದು.

ಅವರು ನಗಲಿಲ್ಲ. “ಮಾತಾಡುವುದು ನಮ್ಮ ಹಕ್ಕು ಅಂತ ಶಾಲೆಯಲ್ಲೇ ಕಲಿಸಿದರು. ಕೇಳಿಸಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ,” ಎಂದು ಕಪ್ಪು ಹಿಡಿದು ಹೋದರು.

ಮೀನಾ ಸಲ್ಮಾನ್ ಬಂದರಿನಲ್ಲಿ ನಮ್ಮ ಗೋದಾಮು. ಅಲ್ಲಿನ ಸ್ಟೋರ್‌ಕೀಪರ್ ಕಾಪು ಕಡೆಯವರು, ನನಗಿಂತ ಹಿರಿಯರು. ನಾನು ಅವರನ್ನು ‘ಅಣ್ಣ’ ಎಂದರೆ, ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ‘ಬಾಯಮ್ಮ’ ಎನ್ನುತ್ತಾರೆ. ಫೋರ್ಕ್‌ಲಿಫ್ಟ್ ತಾಗಿ ಅಲ್ಲೊಂದು ದೊಡ್ಡ ರ‍್ಯಾಕಿನ ಕಂಬ ಬಾಗಿತ್ತು. ಅದರ ಮೇಲೆ ಟನ್‌ಗಟ್ಟಲೆ ಸಾಮಾನು, ಕೆಳಗೆ ಓಡಾಡುವ ನಾಲ್ಕು ಜನ. ಸ್ಟೋರ್‌ಕೀಪರ್ ಮೂರು ಸಲ ಬರೆದು ಕೊಟ್ಟಿದ್ದರು. ಮೂರು ಸಲವೂ ಮ್ಯಾನೇಜರ್, ಮೂರು ತಿಂಗಳ ಬಜೆಟ್ ಮುಗಿಯಲಿ, ನೋಡೋಣ ಎಂದಿದ್ದರು.

ಅಮೆರಿಕದ ಕೇಂದ್ರ ಕಚೇರಿಯವರು ಪರದೆಯ ಮೇಲೆ ಎಲ್ಲರೊಂದಿಗೂ ಮಾತಾಡಿದ ದಿನ ಗೋದಾಮಿನವರನ್ನೂ ಸೀಫ್‌ಗೆ ಕರೆಸಿದ್ದೆವು. ಕೊನೆಯಲ್ಲಿ ಮ್ಯಾನೇಜರ್ ಎಂದಿನಂತೆ ಕೈ ಅಗಲಿಸಿ, “ಯಾರಿಗಾದರೂ ಏನಾದರೂ ಹೇಳಬೇಕೇ? ಹೆದರಬೇಡಿ,” ಎಂದರು. ಸ್ಟೋರ್‌ಕೀಪರ್ ಎದ್ದು ನಿಂತರು.

“ಬಾಯಮ್ಮ, ನನ್ನ ಇಂಗ್ಲಿಷ್ ಸಾಕಾಗುದಿಲ್ಲ. ನಾನು ಹೇಳಿದ್ದನ್ನು ಹಾಗೇ ಹೇಳಿ. ಆ ಕಂಬ ಯಾವಾಗ ಬೀಳ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಮೂರು ಸಲ ಬರ್ದು ಕೊಟ್ಟೆ. ಸಾಹೇಬ್ರು ಕಾಯಿರಿ ಅಂದ್ರು. ಕಂಬಕ್ಕೆ ಬಜೆಟ್ ಗೊತ್ತುಂಟಾ?”

ಮೃದು ಮಾಡಿ ಹೇಳಲು ನನಗೆ ಅರ್ಧ ಕ್ಷಣವಿತ್ತು. ಕೋಣೆಯಲ್ಲಿ ಇಪ್ಪತ್ತು ಜನ, ಪರದೆಯಲ್ಲಿ ಆರು ಮುಖ. ಹಾಗೇ ಹೇಳಿದೆ, ಕೊನೆಯ ಪ್ರಶ್ನೆಯನ್ನೂ ಬಿಡದೆ. ಪರದೆಯಲ್ಲಿದ್ದ ಒಬ್ಬರು ಏನೋ ಬರೆದುಕೊಂಡರು. ನಮ್ಮ ಮ್ಯಾನೇಜರರ ಕಿವಿಗಳು ಕೆಂಪಾದವು.

ಮರುದಿನ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ನಾನಿದ್ದಾಗ ಅವರು ಬಾಗಿಲು ಹಾಕಿದ್ದು ಅದೇ ಮೊದಲು.

“ಸ್ಟೋರ್‌ಕೀಪರ್‌ಗೆ ಕೆಲಸದಿಂದ ತೆಗೆಯುವ ಪತ್ರ ತಯಾರಿಸಿ.”

“ನೀವೇ ಅಲ್ಲವೇ ಸರ್ ಹೇಳಿ ಅಂದದ್ದು?”

“ಹೇಳಿ ಅಂದೆ. ಅವರೆಲ್ಲರ ಮುಂದೆ ನನ್ನ ಮೇಲೆ ದೂರು ಹೇಳಿ ಅನ್ನಲಿಲ್ಲ. ಈಗ ಕೇಂದ್ರ ಕಚೇರಿಗೆ ತಪ್ಪು ಹೊರಿಸಲು ಒಂದು ಹೆಸರು ಬೇಕು. ಅವನದಲ್ಲದಿದ್ದರೆ ನನ್ನದು.” ಆಮೇಲೆ ಸ್ವಲ್ಪ ಶಾಂತವಾಗಿ, “ಇದರಲ್ಲಿ ದ್ವೇಷವಿಲ್ಲ. ನಮ್ಮಲ್ಲಿ ಯಾರೂ ಯಾರನ್ನೂ ಕಟ್ಟಿಹಾಕುವುದಿಲ್ಲ. ಕಂಪನಿಗೆ ಬೇಡವಾದರೆ ಕಳಿಸುತ್ತದೆ, ನನಗೆ ಬೇಡವಾದರೆ ನಾನು ಹೋಗುತ್ತೇನೆ. ಸ್ವಾತಂತ್ರ್ಯ ಅಂದರೆ ಅದೇ,” ಎಂದರು.

“ಅವರು ಕೆಲಸ ಬಿಟ್ಟರೆ ದೇಶವನ್ನೇ ಬಿಡಬೇಕು ಸರ್. ಮಗಳು ಇಲ್ಲಿ ಹತ್ತನೇ ಕ್ಲಾಸು. ನಿಮ್ಮ ವೀಸಾವೂ ಅಂಥದ್ದೇ. ಕಾಗದ ಮಾಡಿಸಿದವಳು ನಾನು.”

ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅವರಿಗೆ ಅದು ಹೊಳೆದೇ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ.

ಆಗುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಹಮದ್ ಟೌನಿನ ಮನೆಯ ಬಾಡಿಗೆ, ಇಬ್ಬರು ಮಕ್ಕಳು, ಆಗಷ್ಟೇ ಕೆಲಸ ಕಳೆದುಕೊಂಡಿದ್ದ ಗಂಡ, ಎಲ್ಲವೂ ತಲೆಯಲ್ಲಿತ್ತು. ಲ್ಯಾಪ್‌ಟಾಪ್ ತೆರೆದೆ. “ಕಾರಣ ಹೇಳಿ ಸರ್, ಟೈಪ್ ಮಾಡುತ್ತೇನೆ,” ಎಂದೆ.

“ತಂಡದ ಮನೋಭಾವಕ್ಕೆ ಹೊಂದದ ವರ್ತನೆ.”

ಟೈಪ್ ಮಾಡಿದೆ. ಗಟ್ಟಿಯಾಗಿ ಓದಿದೆ. “ಯಾವ ವರ್ತನೆ ಅಂತ ಬರೆಯಲಿ?”

“ಸಂವಹನದ ಸರಿಯಾದ ಮಾರ್ಗ ಅನುಸರಿಸದೆ…”

“ಮೂರು ಸಲ ಬರೆದು ಕೊಟ್ಟಿದ್ದರು. ಅದನ್ನೂ ಸೇರಿಸಲೇ?”

ಅವರು ಇನ್ನೂ ಎರಡು ವಾಕ್ಯ ಹೇಳಿದರು. ಆಮೇಲೆ ತಾವೇ ಅವನ್ನು ಅಳಿಸಲು ಹೇಳಿದರು. ಕಿಟಕಿಯ ಹತ್ತಿರ ಹೋಗಿ ನಿಂತರು. ನನಗೆ ಬೆನ್ನು ಹಾಕಿಯೇ ಹೇಳಿದರು: “ನಮ್ಮ ಊರಿನಲ್ಲಿ ಯಾರೂ ನೀನು ಯಾರ ಮಗ ಅಂತ ಕೇಳುವುದಿಲ್ಲ, ಏನು ಕೆಲಸ ಅಂತ ಕೇಳುತ್ತಾರೆ. ಅದಕ್ಕೆ ಉತ್ತರವಿಲ್ಲದಿದ್ದರೆ ನಾನು ಯಾರು?”

ನಮ್ಮ ಕಡೆ ಯಾರ ಮಗ ಎಂದು ಕೇಳಿಯೇ ಎಷ್ಟು ಜನರನ್ನು ಹೊಸ್ತಿಲಾಚೆ ನಿಲ್ಲಿಸುತ್ತಾರೆಂದು ನನಗೆ ಗೊತ್ತು. ಏನು ಕೆಲಸ ಎಂಬ ಅವರ ದೇಶದ ಪ್ರಶ್ನೆ ನನಗೆ ದೊಡ್ಡ ಮನಸ್ಸಿನದಾಗಿಯೇ ಕಂಡಿತ್ತು. ಆದರೆ ಮನುಷ್ಯನನ್ನು ಅವನ ಕೆಲಸದಷ್ಟಕ್ಕೇ ಅಳೆದರೆ, ಕೆಲಸ ಹೋಗುವ ಭಯ ಅವನಿಂದ ಏನು ಬೇಕಾದರೂ ಮಾಡಿಸಬಹುದು. ಅವರಷ್ಟೇ ಹೆದರಿದ್ದ ನಾನು ಅವರಿಗೆ ಏನು ಹೇಳಲಿ?

“ಮುಚ್ಚಿ. ಪತ್ರ ಬೇಡ,” ಎಂದರು ಕೊನೆಗೆ.

ಹತ್ತು ದಿನದೊಳಗೆ ಹೊಸ ಕಂಬ ಬಂತು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರಿಗೆ ಅಮೆರಿಕದಿಂದ ವಿಡಿಯೋ ಕರೆ ಬಂತು. ಕಾಲು ಗಂಟೆಯೂ ಆಗಲಿಲ್ಲ. ಅವರು ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ತಮ್ಮ ಹುದ್ದೆಯನ್ನೇ ತೆಗೆದಿದ್ದಾರೆ ಎಂದರು. ಬೇಸರವಿಲ್ಲವೇ ಎಂದು ಕೇಳಿದೆ. “ವ್ಯವಹಾರ ಅಷ್ಟೇ. ಅವರ ಜಾಗದಲ್ಲಿ ನಾನಿದ್ದರೂ ಹೀಗೇ ಮಾಡುತ್ತಿದ್ದೆ,” ಎಂದು ನಗಲು ನೋಡಿದರು. ಅವರು ಸಿಟ್ಟುಗೊಂಡಿದ್ದರೆ ನನಗೆ ಹಗುರವಾಗುತ್ತಿತ್ತು.

ಸುದ್ದಿ ಕೇಳಿ ಸಂಜೆ ಸ್ಟೋರ್‌ಕೀಪರ್ ಫೋನ್ ಮಾಡಿದರು. “ಬಾಯಮ್ಮ, ನಾನು ಅವತ್ತು ಮಾತಾಡಿದ್ದಕ್ಕಾ ಇದು?”

“ನನಗೆ ಗೊತ್ತಿಲ್ಲ ಅಣ್ಣ. ಯಾರೂ ಕಾರಣ ಹೇಳ್ಲಿಲ್ಲ.”

“ಹಾಗಾದ್ರೆ ನಾಳೆ ಅವರನ್ನು ಒಮ್ಮೆ ನೋಡಿ ಬರ್ತೇನೆ. ಮನೆ ಎಲ್ಲಿ ಹೇಳಿ,” ಎಂದರು.

ವಿಳಾಸ ಹೇಳಿದೆ. ಮರುದಿನ ಅವರ ಜೊತೆ ನಾನೂ ಹೋದೆ.